ಕೆಟ್ಟರೆ ಯಾವ ಕಡೆ ಕೆಡುತ್ತದೆ?

ಒಂದು ಜನವರಿ ಬೆಳಿಗ್ಗೆ ಫೋನ್ ಬಂತು. "ಅಂಕಲ್, ಪಕ್ಕದ್ಮನೆ ಮೀನೆಲ್ಲಾ ಮೇಲೆ ಬಂದು ಬಾಯಿ ಬಾಯಿ ಬಿಡ್ತಿವೆ." ಮನೆಯವರು ಊರಿಗೆ ಹೋಗಿದ್ದರು, ಕೀ ಈ ಹುಡುಗನ ಹತ್ತಿರ ಇತ್ತು. ನಾನು ಹೋಗಿ ಟ್ಯಾಂಕಿಗೆ ಕೈ ಇಟ್ಟರೆ ಸ್ನಾನಕ್ಕೆ ಹದವಾದ ಬಿಸಿ! 36 ಡಿಗ್ರಿ. ಹೀಟರಿನ ಡಯಲ್ ಮಾತ್ರ 26ರಲ್ಲೇ ಇತ್ತು. ಒಳಗಿನ ಥರ್ಮೋಸ್ಟ್ಯಾಟ್, ಅಂದ್ರೆ ಬಿಸಿ ನೋಡಿ ಆನ್-ಆಫ್ ಮಾಡುವ ಸ್ವಿಚ್ಚು, ಸುಟ್ಟು ಅಂಟಿಕೊಂಡಿತ್ತು. ಹೀಟರ್ ರಾತ್ರಿಯಿಡೀ ಕಾಯಿಸುತ್ತಲೇ ಇತ್ತು. ಎರಡು ಏಂಜೆಲ್ ಮೀನು ಉಳಿದವು, ಅಷ್ಟೇ.

ತಮಾಷೆ ಏನಂದ್ರೆ ಆ ಹೀಟರ್ ಮೊಬೈಲಿನಿಂದ ಆನ್-ಆಫ್ ಮಾಡುವ ಸ್ಮಾರ್ಟ್ ಪ್ಲಗ್‌ನಲ್ಲೇ ಇತ್ತು. ಯಜಮಾನರು ಊರಲ್ಲಿ ಕೂತು ಮೊಬೈಲ್ ನೋಡಿದ್ದರಂತೆ. 'ಆನ್' ಅಂತ ತೋರಿಸುತ್ತಿತ್ತು, ಸರಿ ಇದೆ ಅಂದುಕೊಂಡರು. ಪ್ಲಗ್‌ಗೆ ಕರೆಂಟು ಗೊತ್ತು, ನೀರು ಗೊತ್ತಿಲ್ಲ.

ಆಮೇಲಿಂದ ಯಾರು ಯಾವ ಆಟೊಮ್ಯಾಟಿಕ್ ಸಾಮಾನು ತೋರಿಸಿದರೂ ನಾನು ಮೊದಲು ಕೇಳುವುದು ಇದನ್ನೇ: ಕೆಟ್ಟರೆ ಇದು ಆನ್ ಆಗಿ ಉಳಿಯುತ್ತಾ, ಆಫ್ ಆಗಿ ಉಳಿಯುತ್ತಾ? ಹೀಟರ್ ಆಫ್ ಆಗಿ ಕೆಟ್ಟರೆ ಬೆಂಗಳೂರಿನಲ್ಲಿ ಒಂದೆರಡು ದಿನ ದೊಡ್ಡ ತೊಂದರೆ ಇಲ್ಲ. ಆನ್ ಆಗಿ ಕೆಟ್ಟರೆ ಒಂದೇ ರಾತ್ರಿ ಸಾಕು. ಫಿಲ್ಟರ್ ಇದಕ್ಕೆ ಪೂರ್ತಿ ಉಲ್ಟಾ, ಆಫ್ ಆದರೇ ಅಪಾಯ.

ಹೀಟರ್‌ಗೆ ನಾನು ಹಾಕುವುದು ಎಸ್‌ಟಿಸಿ-1000 ಅನ್ನುವ ಸಣ್ಣ ಕಂಟ್ರೋಲರ್. ವೈಫೈ ಇಲ್ಲ, ಆ್ಯಪ್ ಇಲ್ಲ. ಎರಡು ರಿಲೇ (ತಾನೇ ಆನ್-ಆಫ್ ಆಗುವ ಸ್ವಿಚ್ಚು; ಒಂದು ಬಿಸಿಗೆ, ಒಂದು ತಂಪಿಗೆ), ಒಂದು ಉದ್ದ ವೈರಿನ ಸೆನ್ಸರ್. ಎಫ್1 ಅಂದ್ರೆ ಬೇಕಾದ ಡಿಗ್ರಿ, ಅದರಲ್ಲಿ 26; ಎಫ್2 ಅಂದ್ರೆ ಎಷ್ಟು ವ್ಯತ್ಯಾಸ ಆದರೆ ಆನ್ ಆಗಬೇಕು ಅನ್ನುವುದು, ಅದರಲ್ಲಿ 0.5 ಕೊಡುತ್ತೇನೆ. ಹೀಟರಿನ ಸ್ವಂತ ಡಯಲನ್ನು 28ಕ್ಕೆ ಇಡುತ್ತೇನೆ. ಈಗ ಮೀನು ಬೇಯಬೇಕಂದ್ರೆ ಎರಡೂ ಒಟ್ಟಿಗೆ ಕೆಡಬೇಕು. ಇನ್ನೊಂದು ರಿಲೇಗೆ ಏಪ್ರಿಲ್‌ನಲ್ಲಿ ಸಣ್ಣ ಫ್ಯಾನ್ ಸಿಕ್ಕಿಸಿದರೆ ಸೆಕೆಗಾಲವೂ ಕಳೆಯುತ್ತದೆ. ಹಿಂದಿನ ಟರ್ಮಿನಲ್‌ಗಳು ಬರಿ ಸ್ಕ್ರೂ, ಹಾಗಾಗಿ ಎಲೆಕ್ಟ್ರಿಷಿಯನ್ ಕೈಲಿ ಡಬ್ಬಿಯೊಳಗೆ ಕೂರಿಸಿ. ಲೈನಿಗೆ 30 ಮಿಲಿ ಆಂಪ್‌ನ ಆರ್‌ಸಿಸಿಬಿ, ಅಂದ್ರೆ ಕರೆಂಟು ಸೋರಿದ ತಕ್ಷಣ ಲೈನ್ ಕಡಿಯುವ ಸ್ವಿಚ್ಚು, ಇರಲೇಬೇಕು.

ಸೆನ್ಸರ್ ವಿಷಯದಲ್ಲಿ ಒಂದು ಎಚ್ಚರ. ಅದನ್ನು ಗಾಜಿಗೆ ಅಂಟಿಸುವ ರಬ್ಬರ್ ಕಪ್ ಗಟ್ಟಿಯಾಗಿ ಒಂದು ದಿನ ಬಿಟ್ಟುಕೊಳ್ಳುತ್ತದೆ. ಸೆನ್ಸರ್ ನೀರಿಂದ ಹೊರಗೆ ಬಿದ್ದರೆ ಅದು ಅಳೆಯುವುದು ಕೋಣೆಯ ಚಳಿಯನ್ನು, ಕಾಯಿಸುವುದು ಟ್ಯಾಂಕನ್ನು. ನಾನು ಫಿಲ್ಟರ್ ಪೈಪಿಗೆ ಝಿಪ್ ಟೈ ಹಾಕಿ ಕಟ್ಟಿಬಿಡುತ್ತೇನೆ. ಇನ್ನು ಆ ಮನೆಯ 150 ಲೀಟರ್ ಟ್ಯಾಂಕಿನಲ್ಲಿ ಇದ್ದದ್ದು 300 ವಾಟ್ ಹೀಟರ್. "ಜಾಸ್ತಿ ಇದ್ರೆ ಒಳ್ಳೇದಲ್ವಾ" ಅಂತ ಅಂಗಡಿಯವರು ಕೊಟ್ಟಿದ್ದು. 150 ವಾಟ್ ಆಗಿದ್ದರೆ ಅಂಟಿಕೊಂಡರೂ ಅಷ್ಟು ಮೇಲೇರುತ್ತಿರಲಿಲ್ಲ.

ಸ್ಮಾರ್ಟ್ ಪ್ಲಗ್ ಬೇಡ ಅನ್ನುತ್ತಿಲ್ಲ. ಲೈಟಿಗೆ ಚೆನ್ನಾಗಿದೆ. ಮುಳ್ಳು ತಿರುಗುವ ಹಳೆ ಟೈಮರ್ ಕರೆಂಟು ಹೋದಾಗ ನಿಂತುಬಿಡುತ್ತದೆ, ನಾಲ್ಕು ಸಲ ಹೋದರೆ ಲೈಟು ಮಧ್ಯರಾತ್ರಿ ಉರಿಯುತ್ತಿರುತ್ತದೆ, ಪಾಚಿಗೆ ಹಬ್ಬ. ಆದರೆ ಪ್ಲಗ್ ತಂದ ದಿನವೇ ಎರಡು ಪರೀಕ್ಷೆ ಮಾಡಿ. ಮೇನ್ ಆಫ್ ಮಾಡಿ ಮತ್ತೆ ಹಾಕಿ: ತಾನಾಗೇ ಆನ್ ಆಯ್ತಾ? ಕೆಲವು ಆಫ್ ಆಗೇ ಕೂರುತ್ತವೆ. ಅಂಥದ್ದನ್ನು ಫಿಲ್ಟರಿಗೆ ಹಾಕಿದರೆ ಸಂಜೆ ಹೊತ್ತಿಗೆ ಕ್ಯಾನಿಸ್ಟರ್ (ಮುಚ್ಚಿದ ಡಬ್ಬಿಯ ಫಿಲ್ಟರ್) ಒಳಗೆ ನೀರು ಶುದ್ಧ ಮಾಡುವ ಬ್ಯಾಕ್ಟೀರಿಯಾಗಳು ಆಮ್ಲಜನಕ ಇಲ್ಲದೆ ಒದ್ದಾಡುತ್ತಿರುತ್ತವೆ. ಎರಡನೆಯದು, ರೌಟರ್ ಆಫ್ ಮಾಡಿ ನೋಡಿ: ಹೇಳಿದ ಹೊತ್ತಿಗೆ ಲೈಟು ಹತ್ತುತ್ತಾ? ಹತ್ತದಿದ್ದರೆ ನಿಮ್ಮ ಟ್ಯಾಂಕು ಇಂಟರ್‌ನೆಟ್ ಕಂಪನಿಯ ಕೈಯಲ್ಲಿದೆ ಅಂತ ಲೆಕ್ಕ.

ಟ್ಯಾಂಕಿನ ಗಿಡಕ್ಕೆ ಕಾರ್ಬನ್ ಡೈ ಆಕ್ಸೈಡ್ ಬಿಡುವ, ಕರೆಂಟಿನಿಂದ ತೆರೆಯುವ ಸೊಲೆನಾಯ್ಡ್ ವಾಲ್ವ್ ನನಗಿಷ್ಟ. ಕರೆಂಟು ಹೋದರೆ ಮುಚ್ಚಿಕೊಳ್ಳುತ್ತದೆ. ಲೈಟಿಗಿಂತ ಒಂದು ಗಂಟೆ ಮೊದಲು ಆನ್, ಒಂದು ಗಂಟೆ ಮೊದಲೇ ಆಫ್, ಟೈಮರ್ ಸಾಕು. ನೀರಿನ ಪಿಎಚ್ (ಆಮ್ಲೀಯತೆ) ನೋಡಿ ಗ್ಯಾಸ್ ಬಿಡುವ ಪಿಎಚ್ ಕಂಟ್ರೋಲರ್ ಬೇಕೇ ಬೇಕು ಅನ್ನುವವರು ಅದರ ಪ್ರೋಬನ್ನು 7 ಮತ್ತು 4ರ ದ್ರಾವಣದಲ್ಲಿ ಆಗಾಗ ಕ್ಯಾಲಿಬ್ರೇಟ್ ಮಾಡಬೇಕು, ಒಂದೆರಡು ವರ್ಷಕ್ಕೆ ಬದಲಾಯಿಸಬೇಕು. ಆಗಲ್ಲ ಅಂದ್ರೆ ದುಡ್ಡು ಉಳಿಸಿ.

ಆವಿಯಾದ ನೀರನ್ನು ತಾನೇ ತುಂಬುವ ಸಾಮಾನಿದೆ. ಒಂದು ಕಡೆ ಅದರ ಫ್ಲೋಟ್ (ನೀರಿನ ಮಟ್ಟ ನೋಡುವ ತೇಲುವ ಬುರುಡೆ) ಮೇಲೆ ಬಸವನಹುಳು ಹತ್ತಿ ಕೂತಿತ್ತು. ಫ್ಲೋಟ್ ಏಳಲಿಲ್ಲ, ಪಂಪು ನಿಲ್ಲಲಿಲ್ಲ. ಕೆಳಗಿನ ಮನೆಯವರು ಛಾವಣಿ ಸೋರುತ್ತಿದೆ ಅಂತ ಬಂದರು! ಪಂಪು ನೀರು ಎಳೆಯುವ ಕ್ಯಾನ್ ಪೂರ್ತಿ ಖಾಲಿಯಾದರೂ ಟ್ಯಾಂಕು ಉಕ್ಕಬಾರದು, ಕ್ಯಾನ್ ಅಷ್ಟು ಚಿಕ್ಕದಿರಲಿ. ಬೋರ್ ನೀರು ಹಾಕಬೇಡಿ. ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಲೆಕ್ಕ) ಏರುತ್ತಲೇ ಹೋಗುತ್ತದೆ.

ನನ್ನನ್ನು ಕೇಳಿದರೆ ಮೊದಲ ದುಡ್ಡು ಬ್ಯಾಟರಿ ಇರುವ ಏರ್ ಪಂಪಿಗೆ, ಕರೆಂಟು ಹೋದ ತಕ್ಷಣ ತಾನೇ ಶುರುವಾಗುವಂಥದ್ದು. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ನಡೆಸುವ ದುಬಾರಿ ಕಂಟ್ರೋಲರ್ ಹವಳ ಸಾಕುವವರಿಗೆ ಇರಲಿ.

ಊಟ ಹಾಕುವ ಯಂತ್ರ ಕೊನೆಗೆ. ಮಂಗಳೂರಿನ ಮಳೆಗಾಲದಲ್ಲಿ ಅದರೊಳಗಿನ ಕಾಳು ತೇವಕ್ಕೆ ಗಂಟುಕಟ್ಟಿ, ಮೂರು ದಿನ ಏನೂ ಬೀಳದೆ ನಾಲ್ಕನೇ ದಿನ ಇಡೀ ಉಂಡೆ ಬೀಳುತ್ತದೆ. ಬೆಳೆದ ಆರೋಗ್ಯವಂತ ಮೀನು ಒಂದು ವಾರ ಊಟ ಇಲ್ಲದೆ ಆರಾಮಾಗಿರುತ್ತದೆ. ಹೆಚ್ಚು ದಿನ ಹೋಗುವವರಿಗೆ ನಾನು ಮಾತ್ರೆ ಡಬ್ಬಿಯಲ್ಲಿ ದಿನಕ್ಕೊಂದು ಚಿಟಿಕೆ ಹಾಕಿ ಪಕ್ಕದ ಮನೆಗೆ ಕೊಡಿ ಅನ್ನುತ್ತೇನೆ. ಆ 36 ಡಿಗ್ರಿ ಮನೆಯಲ್ಲಿ ಈಗ ಆ ಡಬ್ಬಿ ಅದೇ ಹುಡುಗನ ಹತ್ತಿರ ಇರುತ್ತದೆ. ಕಂಟ್ರೋಲರ್‌ನ ನಂಬರನ್ನೂ ಅವನೇ ದಿನಾ ಫೋಟೊ ತೆಗೆದು ಕಳಿಸುತ್ತಾನೆ.