ಚೆಕ್ಕುಬಂದಿಯೇ ಇಲ್ಲದ ಕ್ರಯಪತ್ರ

ಕ್ರಯಪತ್ರ ಕೈಗೆ ಬಂದರೆ ಆಸ್ತಿ ವ್ಯವಹಾರ ನೋಡುವ ವಕೀಲರ ಕಣ್ಣು ಮೊದಲು ಹೋಗುವುದು ಷೆಡ್ಯೂಲಿನ ಕಡೆಗೆ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ವಿಸ್ತೀರ್ಣ ಎಷ್ಟು ಎಂಬುದು ಅಲ್ಲಿಲ್ಲದಿದ್ದರೆ ಮಾರಾಟವಾದದ್ದು ಏನು ಎಂದೇ ಹೇಳಲಾಗದು. ಕೆನಡಾದ ಟೊರಾಂಟೊ ನಗರ ಎದ್ದು ನಿಂತ ನೆಲಕ್ಕೆ 1787ರಲ್ಲಿ ಆದ ಪತ್ರದಲ್ಲಿ ಆ ಜಾಗವೇ ಖಾಲಿಯಾಗಿತ್ತು.

ನೆಲದ ಒಡೆಯರು ಒಜಿಬ್ವಾ ಜನಾಂಗದ ಮಿಸ್ಸಿಸಾಗಾ ಬಣದವರು. ಕೊಂಡದ್ದು ಬ್ರಿಟಿಷ್ ಸರ್ಕಾರ. ಅಮೆರಿಕ ಸ್ವತಂತ್ರವಾದ ಮೇಲೆ ಅಲ್ಲಿದ್ದ ಬ್ರಿಟಿಷ್ ರಾಜನಿಷ್ಠರು ಗುಂಪು ಗುಂಪಾಗಿ ಉತ್ತರಕ್ಕೆ ಬಂದಿದ್ದರು. ಅವರಿಗೆ ಭೂಮಿ ಬೇಕಿತ್ತು. ಒಂಟಾರಿಯೊ ಸರೋವರದಿಂದ ಹ್ಯೂರಾನ್ ಸರೋವರದತ್ತ ಹೋಗುವ ಹಳೆಯ ಕಾಲುದಾರಿಯ ಮೇಲೂ ಸರ್ಕಾರದ ಕಣ್ಣಿತ್ತು. ಮೂಲನಿವಾಸಿಗಳ ಭೂಮಿಯನ್ನು ಅವರ ಬಹಿರಂಗ ಸಭೆಯಲ್ಲೇ ಕೊಳ್ಳಬೇಕು, ಅದೂ ರಾಜನ ಹೆಸರಿನಲ್ಲೇ ಕೊಳ್ಳಬೇಕು ಎಂದು 1763ರ ರಾಜಘೋಷಣೆ ವಿಧಿಸಿತ್ತು. ಅಂದರೆ ನಿಯಮ ಕೊಳ್ಳುವವರದೇ.

1787ರ ಸೆಪ್ಟೆಂಬರ್‌ನಲ್ಲಿ ಕ್ವಿಂಟೆ ಕೊಲ್ಲಿಯ ಬಳಿ ಬ್ರಿಟಿಷ್ ಸರ್ಕಾರದ ಪರವಾಗಿ ಸರ್ ಜಾನ್ ಜಾನ್ಸನ್ ಮಿಸ್ಸಿಸಾಗಾ ಮುಖಂಡರನ್ನು ಭೇಟಿಯಾದರು. ಬಂದೂಕಿನ ಬೆಣಚುಕಲ್ಲು 2,000, ಹಿತ್ತಾಳೆಯ ಪಾತ್ರೆ 24, ಕನ್ನಡಿ 120, ಜರಿಯಂಚಿನ ಟೋಪಿ 24, ಹೂವಿನ ಚಿತ್ತಾರದ ಫ್ಲಾನೆಲ್ ಬಟ್ಟೆ, 96 ಗ್ಯಾಲನ್ ರಮ್: ಪ್ರತಿಫಲದ ಪಟ್ಟಿ ಹೀಗೆ ಸಾಗುತ್ತದೆ. ಕೊಟ್ಟ ಸಾಮಾನಿಗೆ ಇಷ್ಟು ಕರಾರುವಾಕ್ಕಾದ ಲೆಕ್ಕ. ಪಡೆದ ಭೂಮಿಗೆ ಮಾತ್ರ ಗಡಿಯೂ ಇಲ್ಲ, ಅಳತೆಯೂ ಇಲ್ಲ. ವಾಬಕಿನೈನ್ ಸೇರಿದಂತೆ ಮೂವರು ಮುಖಂಡರ ಗುರುತುಗಳಿದ್ದದ್ದು ಬೇರೆ ಚೀಟಿಗಳಲ್ಲಿ. ಆ ಚೀಟಿಗಳನ್ನು ಪತ್ರಕ್ಕೆ ಅಂಟಿಸಲಾಗಿತ್ತು. ಇಂಥ ದಾಖಲೆಯನ್ನು ನಂಬಿ ಒಂದು ಸೈಟನ್ನೂ ಕೊಳ್ಳಬೇಡಿ ಎಂದು ನನ್ನ ಕಕ್ಷಿದಾರರಿಗೆ ಹೇಳುತ್ತೇನೆ. ಮರುವರ್ಷ ಸರ್ವೆಗೆ ಹೋದಾಗಲೇ ಪಶ್ಚಿಮದ ಗಡಿಯ ಬಗ್ಗೆ ತಕರಾರು ಎದ್ದಿತು.

ಪತ್ರದ ದೋಷಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅನಂತರದ ಮೌನ. ದಾಖಲೆ ಖಾಲಿಯಿದೆ, ಅದಕ್ಕೆ ಬೆಲೆಯಿಲ್ಲ ಎಂದು ಗವರ್ನರ್ ಡಾರ್ಚೆಸ್ಟರ್ 1794ರಲ್ಲೇ ಆ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಸಿಮ್ಕೊಗೆ ಬರೆದರು. ಅಷ್ಟರಲ್ಲಿ ಸಿಮ್ಕೊ ಅದೇ ನೆಲದಲ್ಲಿ ಯಾರ್ಕ್ ಪಟ್ಟಣಕ್ಕೆ, ಅಂದರೆ ಇಂದಿನ ಟೊರಾಂಟೊಗೆ, ಅಡಿಪಾಯ ಹಾಕಿಯಾಗಿತ್ತು. ಮಾರಿದವರಿಗೆ ಯಾರೂ ವಿಷಯ ತಿಳಿಸಲಿಲ್ಲ. 1796ರಲ್ಲಿ ಅದೇ ಯಾರ್ಕ್‌ನಲ್ಲಿ ಒಬ್ಬ ಸೈನಿಕನ ಹಲ್ಲೆಗೆ ವಾಬಕಿನೈನ್ ಬಲಿಯಾದರು.

1805ರ ಆಗಸ್ಟ್‌ನಲ್ಲಿ ಕ್ರೆಡಿಟ್ ನದಿಯ ಬಳಿ ಹೊಸ ಪತ್ರವಾಯಿತು. ಭೂಮಿ ಮಾರಿದ ಹಿರಿಯರೆಲ್ಲ ತೀರಿಹೋಗಿದ್ದಾರೆ, ಅವರು ಏನು ಮಾಡಿದರೆಂದು ನಾವು ಖಚಿತವಾಗಿ ಹೇಳಲಾರೆವು ಎಂದು ಮುಖಂಡ ಕ್ವಿನಿಪೆನೊ ಅಲ್ಲಿ ನುಡಿದರು. ಅವರ ಮುಂದಿದ್ದದ್ದು ಸರ್ಕಾರ ತಂದಿದ್ದ ನಕ್ಷೆ. ಸರೋವರದ ದಂಡೆಯುದ್ದಕ್ಕೂ 14 ಮೈಲಿ, ಒಳನಾಡಿಗೆ 28 ಮೈಲಿ, ಒಟ್ಟು 2,50,880 ಎಕರೆ. ಈ ಬಾರಿ ಪ್ರತಿಫಲ ಹತ್ತು ಶಿಲಿಂಗ್. ಎಟೊಬಿಕೋಕ್ ಹೊಳೆಯ ಮೀನುಗಾರಿಕೆಯ ಹಕ್ಕನ್ನು ಮಿಸ್ಸಿಸಾಗಾ ಜನ ತಮಗೇ ಉಳಿಸಿಕೊಂಡರು.

ಇದನ್ನು ಹಳೆಯ ವ್ಯವಹಾರವನ್ನು ದೃಢೀಕರಿಸುವ ಪತ್ರ ಎಂದು ಕರೆಯಲಾಯಿತು. ದೃಢೀಕರಿಸುವವನಿಗೆ ಮೊದಲಿನ ಪತ್ರದ ದೋಷ ಗೊತ್ತಿರಬೇಕು. ಬಚ್ಚಿಟ್ಟು ಪಡೆದ ಒಪ್ಪಿಗೆಯನ್ನು ನಾನು ಒಪ್ಪಿಗೆ ಎಂದು ಪರಿಗಣಿಸಲಾರೆ. ಮಿಸ್ಸಿಸಾಗಾ ಜನ 1986ರಲ್ಲಿ ಕೆನಡಾ ಸರ್ಕಾರದ ಮುಂದೆ ಹಕ್ಕುದಾವೆ ಇಟ್ಟರು. 2010ರಲ್ಲಿ ಸುಮಾರು 14.5 ಕೋಟಿ ಕೆನಡಿಯನ್ ಡಾಲರ್ ಪರಿಹಾರಕ್ಕೆ ರಾಜಿಯಾಯಿತು. 1847ರಲ್ಲೇ ಅವರು ಕ್ರೆಡಿಟ್ ನದಿಯ ತಮ್ಮ ಹಳ್ಳಿ ಬಿಟ್ಟು, ನೆರೆಯ ಸಿಕ್ಸ್ ನೇಷನ್ಸ್ ಎಂಬ ಮೂಲನಿವಾಸಿ ಒಕ್ಕೂಟದ ಜನ ಬಿಟ್ಟುಕೊಟ್ಟ ಭೂಮಿಗೆ ಹೋಗಿ ನೆಲೆಸಿದ್ದರು. ಇಂದಿಗೂ ಅವರ ಊರು ಅಲ್ಲೇ ಇದೆ.