ನೀವು ವಾಪಸ್ ಹೊರಟ ಮೇಲೆ ಪಂಪ್ ರಿಪೇರಿ ಮಾಡುವವರು ಯಾರು?

ನನ್ನ ಟೂಲ್ ಬ್ಯಾಗಿನಲ್ಲಿ ಒಂದು ಸ್ಪ್ಯಾನರ್ ಇದೆ. ದುಡ್ಡು ಕೊಟ್ಟು ತಂದವನು ನಾನೇ. ಆದರೂ ಅದು ಅಲ್ಲಿ ಇರಬಾರದಿತ್ತು.

ಸ್ವಯಂಸೇವಕನಾಗಿ ಮೊದಲ ಸಲ ಹೊರದೇಶಕ್ಕೆ ಹೋದಾಗಿನ ಮಾತಿದು. ಆರು ಜನರ ತಂಡ, ಆರು ವಾರದ ಕೆಲಸ. ನಾವು ಹೋದ ಹಳ್ಳಿಯ ಕೈಪಂಪು ಕೆಟ್ಟು ಕೂತು ತಿಂಗಳುಗಳೇ ಆಗಿದ್ದವು. ಬಿಚ್ಚಿ ನೋಡಿದರೆ ಒಳಗಿನ ಪಿಸ್ಟನ್ನಿನ ರಬ್ಬರ್ ಸೀಲ್ ಸವೆದಿತ್ತು. ನನ್ನ ಬ್ಯಾಗಿನಲ್ಲಿ ಹೊಸದಿತ್ತು. ಹಾಕಿದೆ, ಮಧ್ಯಾಹ್ನದೊಳಗೆ ನೀರು ಬಂತು. ಮಕ್ಕಳು ನೆನೆದರು, ನಾವು ಫೋಟೋ ತೆಗೆದುಕೊಂಡೆವು, ಸಾಮಾನು ಕಟ್ಟಿಕೊಂಡು ಹೊರಟೆವು. ಎಂಟು ತಿಂಗಳ ನಂತರ ಅಲ್ಲಿನ ಜೊತೆಗಾರರಿಂದ ಒಂದು ಮೇಲ್ ಬಂತು. ಪಂಪು ಮತ್ತೆ ನಿಂತಿದೆ. ಅದೇ ಸೀಲ್. ಹೊಸ ಸೀಲನ್ನು ಹೇಗೋ ತರಿಸಿಕೊಂಡಿದ್ದರು. ಆದರೆ ಪಂಪನ್ನು ಬಿಚ್ಚೋದು ಹೇಗೆ ಅಂತ ಊರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬಿಚ್ಚುವ ಸ್ಪ್ಯಾನರ್ ನನ್ನ ಬ್ಯಾಗಿನಲ್ಲಿತ್ತು.

ಹಳ್ಳಿಗಳ ನೀರು ಮತ್ತು ನೈರ್ಮಲ್ಯ ನನ್ನ ವೃತ್ತಿ. ಈಗ ಕೆಲವು ವರ್ಷಗಳಿಂದ ಹೊರದೇಶದ ಹಳ್ಳಿಗಳಿಗೆ ಹೊರಡುವ ತಂಡಗಳಿಗೆ ತಯಾರಿ ಮಾಡಿಸುವ ಕೆಲಸವನ್ನೂ ಮಾಡುತ್ತೇನೆ. ಬಂದವರು ಮೊದಲು ಕೇಳೋದು ಯಾವ ಲಸಿಕೆ ಹಾಕಿಸಿಕೊಳ್ಳಬೇಕು, ಯಾವ ಶೂ ಒಳ್ಳೆಯದು, ಫೋನ್ ಸಿಗುತ್ತಾ ಅಂತ. ನಾನು ಕೇಳೋದು ಬೇರೆ. ನೀವು ಮಾಡಲು ಹೊರಟಿರುವ ಕೆಲಸವನ್ನು ನೀವು ವಾಪಸ್ ಬಂದ ಮೇಲೆ ಯಾರು ಮಾಡುತ್ತಾರೆ? ಈ ಪ್ರಶ್ನೆಗೆ ಅರ್ಧದಷ್ಟು ತಂಡಗಳು ಮುಖ ಮುಖ ನೋಡಿಕೊಳ್ಳುತ್ತವೆ.

ಪಂಪಿನ ಕಥೆಯನ್ನೇ ಇನ್ನೂ ಸ್ವಲ್ಪ ಮುಂದುವರಿಸುತ್ತೇನೆ. ನಾನು ರಿಪೇರಿ ಮಾಡಿದ್ದು ಆಫ್ರಿಡೆವ್ ಅನ್ನುವ ಪಂಪು. 1980ರ ದಶಕದಲ್ಲಿ ಇದನ್ನು ರೂಪಿಸಿ ಮಲಾವಿ, ಕೀನ್ಯಾ ದೇಶಗಳ ಹಳ್ಳಿಗಳಲ್ಲಿ ಪರೀಕ್ಷೆ ಮಾಡಿದರು. ಅದಕ್ಕೂ ಮೊದಲಿನ ಪಂಪುಗಳಲ್ಲಿ ಸೀಲ್ ಬದಲಿಸಬೇಕಾದರೆ ಬಾವಿಯೊಳಗಿನ ಪೈಪನ್ನೆಲ್ಲ ಮೇಲೆ ಎಳೆಯಬೇಕಿತ್ತು. ಅದಕ್ಕೆ ಗಾಡಿ, ಸರಪಳಿ, ತಜ್ಞರ ತಂಡ ಎಲ್ಲ ಬೇಕು. ಆಫ್ರಿಡೆವ್‌ನಲ್ಲಿ ಪೈಪ್ ಅಲ್ಲೇ ಇರುತ್ತದೆ, ಒಳಗಿನ ರಾಡು ಮತ್ತು ಪಿಸ್ಟನ್ ಮಾತ್ರ ಮೇಲೆ ಬರುತ್ತದೆ. ಒಂದೇ ಸ್ಪ್ಯಾನರ್ ಸಾಕು. ಹಳ್ಳಿಯವರೇ ರಿಪೇರಿ ಮಾಡಿಕೊಳ್ಳಲಿ ಅಂತಲೇ ಆ ಪಂಪನ್ನು ಹಾಗೆ ಮಾಡಿದ್ದು. ನಾನು ಹೋಗಿ ಹಳ್ಳಿಯವರನ್ನು ಪಕ್ಕಕ್ಕೆ ನಿಲ್ಲಿಸಿ ನಾನೇ ರಿಪೇರಿ ಮಾಡಿದೆ. ಎಂಜಿನಿಯರ್ ಅಲ್ವಾ!

ನನ್ನೊಬ್ಬನ ತಪ್ಪಾಗಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ಗ್ರಾಮೀಣ ನೀರು ಸರಬರಾಜಿನ ಕೆಲಸಗಾರರ ಅಂತರರಾಷ್ಟ್ರೀಯ ಜಾಲವೊಂದು 2009ರಲ್ಲಿ ಆಫ್ರಿಕಾದ 20 ದೇಶಗಳ ಅಂದಾಜು ಲೆಕ್ಕ ಕೊಟ್ಟಿತ್ತು. ನೂರರಲ್ಲಿ ಸುಮಾರು 36 ಕೈಪಂಪುಗಳು ಕೆಲಸ ಮಾಡುತ್ತಿರಲಿಲ್ಲ. ಅವುಗಳಲ್ಲಿ ಎಷ್ಟೋ ಪಂಪುಗಳ ಪಕ್ಕದಲ್ಲಿ ದಾನಿಗಳ ಹೆಸರಿನ ಫಲಕ ಗಟ್ಟಿಯಾಗಿ ನಿಂತಿರುತ್ತದೆ. ಫಲಕಕ್ಕೆ ಸವೆಯುವ ಭಾಗ ಇಲ್ಲ ನೋಡಿ.

ಪ್ಲೇಪಂಪ್ ಅಂತ ಇನ್ನೊಂದಿತ್ತು. ಮಕ್ಕಳು ತಿರುಗುವ ಆಟದ ಚಕ್ರದ ಮೇಲೆ ಕೂತು ಆಡಿದರೆ ನೆಲದೊಳಗಿನ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ ಅನ್ನೋದು ಉಪಾಯ. ಕೇಳೋಕೆ ಎಷ್ಟು ಚೆಂದ! 2006ರಲ್ಲಿ ದೊಡ್ಡ ವೇದಿಕೆಯಲ್ಲಿ ಘೋಷಣೆಯಾಯಿತು. 2010ರೊಳಗೆ ಆಫ್ರಿಕಾದಲ್ಲಿ ಇಂಥ 4,000 ಪಂಪು ಹಾಕುವ ಗುರಿ. ಆದರೆ ಮಕ್ಕಳು ಶಾಲೆಗೆ ಹೋದಾಗ ನೀರು ಬೇಕಲ್ಲ? ದೊಡ್ಡ ಹೆಂಗಸರು ಆ ಚಕ್ರವನ್ನು ಕೈಯಲ್ಲಿ ತಳ್ಳುತ್ತಾ ಸುತ್ತಬೇಕಾಯಿತು. ಕೆಟ್ಟರೆ ಹಳ್ಳಿಯಲ್ಲಿ ರಿಪೇರಿ ಸಾಧ್ಯವಿರಲಿಲ್ಲ. ಕೆಲವು ಕಡೆ ಸರಿಯಾಗಿದ್ದ ಕೈಪಂಪನ್ನು ಕಿತ್ತು ಇದನ್ನು ಹಾಕಿದ್ದರು. ಗುರಿಯ ವರ್ಷ ಬರುವ ಹೊತ್ತಿಗೆ ಯೋಜನೆಯನ್ನು ನಡೆಸುತ್ತಿದ್ದವರೇ ಕೈಬಿಟ್ಟರು.

ಸದುದ್ದೇಶ ಸಾಕಾಗುವುದಿಲ್ಲ ಅನ್ನೋದಕ್ಕೆ ಬಾಂಗ್ಲಾದೇಶದ ಉದಾಹರಣೆ ಇನ್ನೂ ಕಠಿಣ. ಕೆರೆ, ಹೊಂಡದ ನೀರಿನಿಂದ ವಾಂತಿಭೇದಿ ಬಂದು ಮಕ್ಕಳು ಸಾಯುತ್ತಿದ್ದರು. ಅದನ್ನು ತಪ್ಪಿಸಲು 1970ರ ದಶಕದಿಂದ ಅಂತರರಾಷ್ಟ್ರೀಯ ನೆರವಿನಿಂದ ಲಕ್ಷಾಂತರ ಕೊಳವೆಬಾವಿ ತೋಡಿದರು. ರೋಗಾಣು ಇಲ್ಲದ, ತಿಳಿಯಾದ ನೀರು. 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಅನ್ನುವ ವಿಷ ಇರೋದು ಪತ್ತೆಯಾಯಿತು. ಬಾವಿ ತೋಡುವಾಗ ಅದನ್ನು ಪರೀಕ್ಷಿಸುವ ರೂಢಿಯೇ ಇರಲಿಲ್ಲ. ಕೋಟ್ಯಂತರ ಜನ ಅಷ್ಟು ಹೊತ್ತಿಗೆ ವರ್ಷಗಟ್ಟಲೆ ಆ ನೀರು ಕುಡಿದಿದ್ದರು. ಹಾಗಾಗಿ ನೀರು ಕಣ್ಣಿಗೆ ತಿಳಿಯಾಗಿದೆ ಅಂತ ಯಾರಾದರೂ ಹೇಳಿದರೆ ನಾನು ಲ್ಯಾಬ್ ವರದಿ ಕೇಳುತ್ತೇನೆ. ಎರಡು ವಾರದ ತಂಡಕ್ಕೆ ಆ ವರದಿ ಬರುವ ತನಕ ಕಾಯಲು ಪುರುಸೊತ್ತು ಇರೋದಿಲ್ಲ.

ಹಾಗಾದರೆ ಎಷ್ಟು ದಿನ ಹೋಗಬೇಕು? ಸ್ವಯಂಸೇವಕರನ್ನು ಹೊರದೇಶಕ್ಕೆ ಕಳಿಸುವ ಅಮೆರಿಕ ಸರ್ಕಾರದ ಪೀಸ್ ಕೋರ್ 1961ರಿಂದ ನಡೆಯುತ್ತಿದೆ. ಅದರ ರೂಢಿಯ ಅವಧಿ 27 ತಿಂಗಳು, ಅದರಲ್ಲಿ ಮೊದಲ ಮೂರು ತಿಂಗಳು ತರಬೇತಿ. ಜಪಾನ್ 1965ರಲ್ಲಿ ಶುರು ಮಾಡಿದ ಕಾರ್ಯಕ್ರಮದಲ್ಲೂ ಸಾಮಾನ್ಯವಾಗಿ ಎರಡು ವರ್ಷ. ಬ್ರಿಟನ್ನಿನ ವಿಎಸ್‌ಒ ಅನ್ನುವ ಸ್ವಯಂಸೇವಾ ಸಂಸ್ಥೆ 1958ರಲ್ಲಿ ಶುರುವಾದಾಗ ಶಾಲೆ ಮುಗಿಸಿದ ಹುಡುಗರನ್ನು ಕಳಿಸುತ್ತಿತ್ತು. ಬರಬರುತ್ತಾ ಕಸುಬು ಗೊತ್ತಿರುವ, ಅನುಭವ ಇರುವ ಜನರ ಕಡೆಗೆ ತಿರುಗಿತು. ಈ ಬದಲಾವಣೆ ನನಗೆ ತುಂಬಾ ಹೇಳುತ್ತದೆ. ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮಕ್ಕೆ 1970ರಲ್ಲಿ ಸಾಮಾನ್ಯ ಸಭೆ ಒಪ್ಪಿಗೆ ಕೊಟ್ಟಿತು. ಅಲ್ಲಿ ಹೋಗುವವರಿಗೆ ಸಂಬಳ ಇಲ್ಲ, ಬದುಕಲು ಬೇಕಾದ ಭತ್ಯೆ ಇದೆ. ಮನೆಯಲ್ಲೇ ಕೂತು ಆನ್‌ಲೈನ್ ಸ್ವಯಂಸೇವೆ ಮಾಡುವ ದಾರಿಯೂ ಇದೆ. ನಕ್ಷೆ ಬಿಡಿಸೋದು, ಲೆಕ್ಕಪತ್ರ, ಅನುವಾದ, ಡಿಸೈನ್ ಪರಿಶೀಲನೆ ಇಂಥ ಕೆಲಸಕ್ಕೆ ವಿಮಾನ ಹತ್ತಲೇಬೇಕಿಲ್ಲ. ಇದನ್ನು ಹೇಳಿದಾಗ ಕೆಲವರ ಮುಖ ಸಪ್ಪೆಯಾಗುತ್ತದೆ. ಅವರಿಗೆ ಬೇಕಿದ್ದದ್ದು ಪ್ರವಾಸ. ಪ್ರವಾಸ ತಪ್ಪೇನಲ್ಲ, ಅದನ್ನು ಪ್ರವಾಸ ಅಂತಲೇ ಕರೆದು ಹೋಗಿ ಬಂದರೆ ಆಯಿತು.

ಎರಡು ವಾರದಲ್ಲಿ ಏನೂ ಆಗೋದೇ ಇಲ್ಲ ಅಂತಲ್ಲ. ನೀರಿನ ಪರೀಕ್ಷೆಯ ಕಿಟ್ ಬಳಸೋದನ್ನು ಅಲ್ಲಿನ ನಾಲ್ಕು ಜನರಿಗೆ ಕಲಿಸಬಹುದು. ಕ್ಲೋರಿನ್ ಹಾಕಿದ ನೀರಿನಲ್ಲಿ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ಉಳಿಕೆ ಇದೆಯಾ ಅಂತ ನೋಡೋದು ಒಂದು ಮಧ್ಯಾಹ್ನದಲ್ಲಿ ಕಲಿಯುವ ವಿಷಯ. ಆದರೆ ಗೋಡೆ ಕಟ್ಟೋಕೆ, ಬಣ್ಣ ಹೊಡೆಯೋಕೆ ಹೋಗಬೇಡಿ. ಗಾರೆ ಕೆಲಸದವರು ಎಲ್ಲ ಊರಿನಲ್ಲೂ ಇದ್ದಾರೆ, ಜೀವನದಲ್ಲಿ ಕರಣೆ ಹಿಡಿಯದ ನಿಮಗಿಂತ ಚೆನ್ನಾಗಿ ಕಟ್ಟುತ್ತಾರೆ. ಅವರಿಗೆ ಸಿಗಬೇಕಾದ ಕೂಲಿಯನ್ನು ನೀವು ಪುಕ್ಕಟೆ ಕೆಲಸ ಮಾಡಿ ತಪ್ಪಿಸಿದಂತೆ ಆಗುತ್ತದೆ.

ಒಂದು ಕೆಲಸಕ್ಕೆ ಮಾತ್ರ ನಾನು ಖಡಾಖಂಡಿತವಾಗಿ ಬೇಡ ಅನ್ನುತ್ತೇನೆ. ಅನಾಥಾಲಯದಲ್ಲಿ ಕೆಲವು ದಿನ ಮಕ್ಕಳ ಜೊತೆ ಆಡಿ ಬರುವುದು. ಇಂಥ ಮನೆಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪ ಅಥವಾ ಅಮ್ಮ ಬದುಕಿದ್ದಾರೆ. ಬಡತನದಿಂದ, ಓದಿಸುತ್ತೇವೆ ಅನ್ನುವ ಮಾತು ನಂಬಿ ಕಳಿಸಿರುತ್ತಾರೆ. ನೋಡಲು ಬರುವವರು, ದುಡ್ಡು ಕೊಡುವವರು ಜಾಸ್ತಿಯಾದಷ್ಟೂ ಮಕ್ಕಳನ್ನು ತುಂಬಿಸಿಕೊಳ್ಳುವ ಆಸೆಯೂ ಜಾಸ್ತಿಯಾಗುತ್ತದೆ. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ಕಾನೂನು ಮಾಡುವಾಗ ದುಡ್ಡಿಗಾಗಿ ಮಕ್ಕಳನ್ನು ಹೀಗೆ ಅನಾಥಾಲಯಕ್ಕೆ ಸಾಗಿಸುವ ಪ್ರಶ್ನೆಯನ್ನೂ ಗಂಭೀರವಾಗಿ ತೆಗೆದುಕೊಂಡಿತು. ವಾರಕ್ಕೊಬ್ಬರು ಬಂದು ಎತ್ತಿ ಮುದ್ದಾಡಿ ಹೋದರೆ ಮಗುವಿನ ಮನಸ್ಸಿಗೆ ಏನಾಗುತ್ತದೆ ಅಂತ ನೀವೇ ಯೋಚಿಸಿ.

ಹೊರಡೋದು ನಿಶ್ಚಯವಾದರೆ ಕಳಿಸುವ ಸಂಸ್ಥೆಯನ್ನು ಸ್ವಲ್ಪ ಕೆದಕಿ. ನೀವು ಕಟ್ಟುವ ದುಡ್ಡಿನಲ್ಲಿ ಹಳ್ಳಿಗೆ ಎಷ್ಟು ಹೋಗುತ್ತದೆ? ಅಲ್ಲಿನ ಜೊತೆಗಾರ ಸಂಸ್ಥೆ ಯಾವುದು, ಈ ಕೆಲಸ ಬೇಕು ಅಂತ ಕೇಳಿದವರು ಯಾರು? ನಿಮ್ಮ ಹಿಂದಿನ ತಂಡದ ವರದಿ ಕೊಡುತ್ತಾರಾ? ನಾನಂತೂ ಹಿಂದಿನ ತಂಡದಲ್ಲಿ ಏನೇನು ಕೆಟ್ಟಿತು ಅಂತ ಕೇಳುತ್ತೇನೆ. ಏನೂ ಕೆಟ್ಟಿಲ್ಲ ಅಂದರೆ ಅಲ್ಲಿಗೆ ನನ್ನ ನಂಬಿಕೆ ಮುಗಿಯಿತು. ವೀಸಾದ ವಿಷಯದಲ್ಲಿ ಪ್ರವಾಸಿ ವೀಸಾ ಸಾಕು, ಯಾರೂ ಕೇಳಲ್ಲ ಅನ್ನುವವರ ಸಹವಾಸ ಬೇಡ. ಸಂಬಳ ಇಲ್ಲದ ಕೆಲಸವನ್ನೂ ಕೆಲಸ ಅಂತಲೇ ನೋಡುವ ದೇಶಗಳಿವೆ, ನೇಪಾಳ ಅದರಲ್ಲೊಂದು.

ಆರೋಗ್ಯದ ಬಗ್ಗೆ ಡಾಕ್ಟರು ಹೇಳುತ್ತಾರೆ, ನಾನು ಎರಡು ಮೂರು ಮಾತು ಸೇರಿಸುತ್ತೇನೆ ಅಷ್ಟೆ. ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗೋದು ಲಸಿಕೆ ಹಾಕಿಸಿದ 10 ದಿನಗಳ ನಂತರ. ಹೊರಡುವ ಹಿಂದಿನ ದಿನ ಹಾಕಿಸಿಕೊಂಡು ಗಡಿಯಲ್ಲಿ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ. 2016ರಿಂದ ಆ ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಮಲೇರಿಯಾ ತಡೆಯಲು ಡಾಕ್ಸಿಸೈಕ್ಲಿನ್ ಕೊಟ್ಟಿದ್ದರೆ ವಾಪಸ್ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಮನೆಗೆ ಬಂದೆವಲ್ಲ ಅಂತ ನಿಲ್ಲಿಸುವವರೇ ಹೆಚ್ಚು. ಇನ್ನು ಹಾವು, ಸೊಳ್ಳೆಗೆ ಹೆದರುವವರು ರಸ್ತೆಗೆ ಹೆದರುವುದಿಲ್ಲ. ಪೀಸ್ ಕೋರ್ ಮೋಟಾರ್‌ಸೈಕಲ್ ಮೇಲೆ ಅಷ್ಟು ಬಿಗಿ ನಿರ್ಬಂಧ ಇಟ್ಟಿರೋದು ಸುಮ್ನೆ ಅಲ್ಲ.

ತಂಡದ ಟಾಯ್ಲೆಟ್ ಎಲ್ಲಿ ಅಂತಲೂ ನಾನು ಕೇಳುತ್ತೇನೆ. ಎಲ್ಲರೂ ನಗುತ್ತಾರೆ. 2010ರಲ್ಲಿ ಭೂಕಂಪವಾದ ಹೈಟಿಯಲ್ಲಿ ಅದೇ ವರ್ಷ ಕಾಲರಾ ಶುರುವಾಯಿತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವೊಂದರ ಹೊಲಸು ನದಿ ಸೇರಿದ್ದು ಅದಕ್ಕೆ ಮೂಲ. ಸುಮಾರು ಹತ್ತು ಸಾವಿರ ಜನ ಸತ್ತರು. ತನ್ನ ಪಾಲಿಗೆ ವಿಶ್ವಸಂಸ್ಥೆ ಕ್ಷಮೆ ಕೇಳಿದ್ದು 2016ರಲ್ಲಿ. ಇದನ್ನು ಹೇಳಿದ ಮೇಲೆ ನಗು ನಿಲ್ಲುತ್ತದೆ. ಶೌಚದ ಗುಂಡಿ ನೀರಿನ ಮೂಲದಿಂದ ಕನಿಷ್ಠ 30 ಮೀಟರ್ ದೂರ ಇರಬೇಕು, ಗುಂಡಿಯ ತಳ ಅಂತರ್ಜಲದಿಂದ ಒಂದೂವರೆ ಮೀಟರ್ ಮೇಲಿರಬೇಕು. ಮಣ್ಣು ಬಿರುಕು ಬಂಡೆಯಾದರೆ ಇನ್ನೂ ದೂರ. ಹಳ್ಳಿಗೆ ನೈರ್ಮಲ್ಯ ಹೇಳಿಕೊಡಲು ಹೋದವರು ಮೊದಲು ತಮ್ಮದನ್ನು ನೋಡಿಕೊಳ್ಳಲಿ.

ಅಲ್ಲಿಗೆ ಹೋದ ಮೇಲೆ ನನಗೆ ಅತಿ ಕಷ್ಟವಾದದ್ದು ಎಂಜಿನಿಯರಿಂಗ್ ಅಲ್ಲ, "ಹೌದು" ಅನ್ನುವ ಮಾತು. ದೂರದಿಂದ ಬಂದವರಿಗೆ ಎದುರಾಡಬಾರದು ಅಂತ ಜನ ಹೌದು ಅನ್ನುತ್ತಾರೆ. ಬಾವಿ ಬೇಕಾ? ಹೌದು. ಇಲ್ಲಿ ಆಗಬಹುದಾ? ಹೌದು. ಈ ಎರಡು ಹೌದುಗಳ ತೂಕ ಒಂದೇ ಅಂತ ತಿಳಿದರೆ ಕೆಟ್ಟಿರಿ. ಒಂದು ಹಳ್ಳಿಯಲ್ಲಿ ಸಭೆ ಸೇರಿಸಿದೆವು. ಊರಿನ ಕೆಳಗಿರುವ ತಗ್ಗು ಜಾಗ ಅಂತ ಎಲ್ಲರೂ ಒಪ್ಪಿದರು. ತಗ್ಗಿನಲ್ಲಿ ನೀರು ಬೇಗ ಸಿಗುತ್ತದೆ, ನನಗೂ ಅದೇ ಸರಿ ಅನ್ನಿಸಿತು. ಸಭೆಯಲ್ಲಿ ಮಾತಾಡಿದವರೆಲ್ಲ ಗಂಡಸರು. ಮಾರನೇ ದಿನ ಬೆಳಗ್ಗೆ ನಮ್ಮ ತಂಡದ ಹುಡುಗಿಯೊಬ್ಬಳು ನೀರಿಗೆ ಹೋಗುವ ಹೆಂಗಸರ ಜೊತೆ ನಡೆದು ಬಂದಳು. ಅವಳ ಕೈಯಲ್ಲೂ ಒಂದು ಕ್ಯಾನ್ ಕೊಟ್ಟಿದ್ದರಂತೆ. ಇಪ್ಪತ್ತು ಲೀಟರ್ ಅಂದರೆ ಇಪ್ಪತ್ತು ಕಿಲೋ. ಖಾಲಿ ಕ್ಯಾನ್ ಹಿಡಿದು ಏರು ಹತ್ತೋದು ಸುಲಭ, ತುಂಬಿದ ಕ್ಯಾನ್ ಹೊತ್ತು ಹತ್ತೋದು ಅಲ್ಲ. ಬಾವಿ ಊರಿಗಿಂತ ಮೇಲಿರಬೇಕು, ತುಂಬಿಕೊಂಡು ಇಳಿಯಬೇಕು. ಇಷ್ಟು ಸರಳ ವಿಷಯ ನನ್ನ ಸರ್ವೆಯ ಫಾರಂನಲ್ಲಿ ಇರಲೇ ಇಲ್ಲ. ಮೇಲೆ ಕೊರೆದರೆ ಆಳ ಜಾಸ್ತಿ, ಖರ್ಚೂ ಜಾಸ್ತಿ. ಲೆಕ್ಕ ಹಾಕಿ, ಜಗಳವಾಡಿ, ಕೊನೆಗೆ ಮೇಲೆಯೇ ಕೊರೆದೆವು.

ಈಗ ನಮ್ಮ ತಂಡಗಳಿಗೆ ಒಂದು ಕಟ್ಟುನಿಟ್ಟು ಇದೆ. ಕೊನೆಯ ವಾರ ಯಾರೂ ಉಪಕರಣ ಮುಟ್ಟುವ ಹಾಗಿಲ್ಲ. ಆ ಮೇಲಿನ ಬಾವಿಯ ಪಂಪು ನೋಡಿಕೊಳ್ಳಲು ಊರಿನವರು ಆರಿಸಿದ್ದು ಮೂವರು ಹೆಂಗಸರನ್ನು ಮತ್ತು ಒಬ್ಬ ಸೈಕಲ್ ರಿಪೇರಿಯವನನ್ನು. ಅವರು ಪಂಪನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕು, ನಾವು ಸುಮ್ನೆ ಕೂತು ನೋಡಬೇಕು. ನಾನು ಅರ್ಧ ಗಂಟೆಯಲ್ಲಿ ಮುಗಿಸುವ ಕೆಲಸಕ್ಕೆ ಅವರಿಗೆ ಎರಡೂವರೆ ಗಂಟೆ ಹಿಡಿಯಿತು. ಒಂದು ರಾಡನ್ನು ತಲೆಕೆಳಗೆ ಹಾಕಿದರು, ತಾವೇ ಕಂಡುಹಿಡಿದು ತೆಗೆದರು. ನನ್ನ ಕೈ ಕಡಿಯುತ್ತಿತ್ತು. ಪಕ್ಕದಲ್ಲಿದ್ದ ಹುಡುಗಿ ನನ್ನ ತೋಳು ಹಿಡಿದು ಕೂರಿಸಿದಳು.

ನೀರು ಬಂದ ಮೇಲೆ ಸ್ಪ್ಯಾನರ್ ಯಾರ ಮನೆಯಲ್ಲಿ ಇಡಬೇಕು ಅನ್ನುವ ಚರ್ಚೆ ಶುರುವಾಯಿತು. ಬಿಡಿಭಾಗದ ದುಡ್ಡು ಒಬ್ಬರ ಹತ್ತಿರ, ಸ್ಪ್ಯಾನರ್ ಇನ್ನೊಬ್ಬರ ಹತ್ತಿರ ಇರಲಿ ಅಂತ ಒಬ್ಬರು. ಎರಡೂ ಒಂದೇ ಕಡೆ ಇರಲಿ, ರಾತ್ರಿ ಕೆಟ್ಟರೆ ಎಷ್ಟು ಬಾಗಿಲು ತಟ್ಟೋದು ಅಂತ ಇನ್ನೊಬ್ಬರು. ಮಧ್ಯಾಹ್ನವೆಲ್ಲ ಅದೇ ನಡೆಯಿತು. ನಮ್ಮನ್ನು ಯಾರೂ ಏನೂ ಕೇಳಲಿಲ್ಲ.