ನಾಲ್ಕೇ ನಿಲುವು: ಜರ್ಮನ್ ಉದ್ದಗತ್ತಿಯ ಮೊದಲ ಪಾಠ

ಹದಿನಾಲ್ಕನೇ ಶತಮಾನದ ಜರ್ಮನ್ ಕತ್ತಿವರಸೆಯ ಗುರು ಯೊಹಾನೆಸ್ ಲೀಖ್ಟೆನಾವರ್ ತನ್ನ ವಿದ್ಯೆಯನ್ನೆಲ್ಲ ಒಗಟಿನಂಥ ಪ್ರಾಸಪದ್ಯಗಳಲ್ಲಿ ಅಡಗಿಸಿಟ್ಟ. ಕತ್ತಿ ಹಿಡಿದು ಹೇಗೆ ನಿಲ್ಲಬೇಕು ಎಂಬುದಕ್ಕೆ ಆ ಪದ್ಯದಲ್ಲಿ ಸಿಗುವ ಉತ್ತರ ತೀರಾ ಚಿಕ್ಕದು. ನಾಲ್ಕೇ ನಿಲುವು ಹಿಡಿ, ಮಿಕ್ಕ ಸಾಮಾನ್ಯದವನ್ನು ಬಿಡು ಎನ್ನುತ್ತದೆ ಅದು. ಆ ನಾಲ್ಕರ ಹೆಸರು ಓಕ್ಸ್, ಪ್ಫ್ಲೂಗ್, ಆಲ್ಬರ್, ಫೊಮ್ ಟಾಗ್. ಮೊದಲ ಮೂರನ್ನು ಕನ್ನಡದಲ್ಲಿ ಎತ್ತು, ನೇಗಿಲು, ಪೆದ್ದ ಎನ್ನಬಹುದು. ನಾಲ್ಕನೆಯದನ್ನು ಟಾಗ್ ಎಂದೇ ಕರೆಯೋಣ. ಪದ್ಯವಷ್ಟೇ ಉಳಿದಿದ್ದರೆ ಇವತ್ತು ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಪುಣ್ಯಕ್ಕೆ ಅವನ ಪರಂಪರೆಯವರು ಸಾಲುಸಾಲಿಗೂ ವ್ಯಾಖ್ಯಾನ ಬರೆದರು. ನ್ಯೂರೆಂಬರ್ಗ್‌ನಲ್ಲಿರುವ 3227ಎ ಹಸ್ತಪ್ರತಿ, ರೋಮ್‌ನಲ್ಲಿರುವ 1452ರ ಹಸ್ತಪ್ರತಿ, ಡ್ರೆಸ್ಡೆನ್‌ನಲ್ಲಿರುವ ಜಿಗ್ಮುಂಡ್ ರಿಂಗೆಕ್‌ನ ವ್ಯಾಖ್ಯಾನ ಇವುಗಳನ್ನು ಎದುರಿಗಿಟ್ಟುಕೊಂಡೇ ಇಂದಿನ ಕಲಿಕೆ ನಡೆಯುವುದು.

ಹೊಸಬರು ಹಳೆಯ ಪುಸ್ತಕದ ಚಿತ್ರ ನೋಡಿ, ಕನ್ನಡಿಯ ಮುಂದೆ ಅದೇ ಭಂಗಿಯಲ್ಲಿ ನಿಂತು, ಮೊಣಕೈ ಎಷ್ಟು ಡಿಗ್ರಿ ಬಾಗಿದೆ ಎಂದು ಅಳೆಯತೊಡಗುತ್ತಾರೆ. ಮಾದರಿ ಚೆನ್ನಾಗಿ ಬರುತ್ತದೆ, ಕತ್ತಿವರಸೆ ಬರುವುದಿಲ್ಲ. ನಿಲುವು ಎಂದರೆ ಒಂದು ಏಟು ಮುಗಿದು ಇನ್ನೊಂದು ಶುರುವಾಗುವ ಜಾಗ, ಅಷ್ಟೇ. ಒಂದೇ ನಿಲುವಿನಲ್ಲಿ ಹೆಚ್ಚು ಹೊತ್ತು ಬಿದ್ದಿರಬೇಡ ಎಂದು 3227ಎ ಎಚ್ಚರಿಸುತ್ತದೆ. ಸುಮ್ಮನಿದ್ದವನು ಸತ್ತ, ಅಲುಗಾಡುವವನು ಇನ್ನೂ ಬದುಕಿದ್ದಾನೆ ಎಂಬ ಮಾತನ್ನು ಲೀಖ್ಟೆನಾವರ್‌ನದೇ ಗಾದೆ ಎಂದು ಕೊಡುತ್ತದೆ. ಹಾಗಾಗಿ ಪ್ರತಿ ನಿಲುವಿಗೂ ಎರಡೇ ಪ್ರಶ್ನೆ ಕೇಳಬೇಕು: ಇಲ್ಲಿಂದ ನನ್ನ ಕತ್ತಿಗೆ ಯಾವ ದಾರಿ ಹತ್ತಿರ? ಎದುರಾಳಿಗೆ ಯಾವ ದಾರಿ ಮುಚ್ಚಿದೆ?

ಮೊದಲು ಕತ್ತಿಯ ಲೆಕ್ಕ. ಅಭ್ಯಾಸದ ಉದ್ದಗತ್ತಿ ಸಾಮಾನ್ಯವಾಗಿ 1.3ರಿಂದ 1.6 ಕೆ.ಜಿ. ತೂಗುತ್ತದೆ. ಸಿನಿಮಾದಲ್ಲಿ ಏದುಸಿರು ಬಿಡುತ್ತ ಎತ್ತುವಷ್ಟು ಭಾರ ಖಂಡಿತ ಇಲ್ಲ. ಲೆಕ್ಕಕ್ಕೆಂದು 1.5 ಕೆ.ಜಿ. ತೂಕದ, 95 ಸೆಂ.ಮೀ. ಅಲಗಿನ, ಹಿಡಿಗೂ ಅಲಗಿಗೂ ನಡುವಿನ ಅಡ್ಡಪಟ್ಟಿಯಿಂದ 8 ಸೆಂ.ಮೀ. ಮುಂದೆ ಸಮತೋಲ ಬಿಂದುವಿರುವ ಕತ್ತಿಯನ್ನು ತೆಗೆದುಕೊಳ್ಳೋಣ. ಬಲಗೈ ಅಡ್ಡಪಟ್ಟಿಯ ಹಿಂದೆಯೇ ಇರುತ್ತದೆ, ಎಡಗೈ ಬಲಗೈಯಿಂದ ಸುಮಾರು 15 ಸೆಂ.ಮೀ. ಹಿಂದೆ, ಹಿಡಿಯ ಕೊನೆಯ ಗುಂಡಿನ ಹತ್ತಿರ. ಕತ್ತಿಯನ್ನು ಅಡ್ಡಡ್ಡ ಹಿಡಿದರೆ ಬಲಗೈ ಕೀಲಿನಂತೆ ನಿಲ್ಲುತ್ತದೆ, ಎಡಗೈ 1.3 ಕೆ.ಜಿ. ತೂಕದಷ್ಟು ಕೆಳಕ್ಕೆ ಒತ್ತಿದರೆ ಮೊನೆ ಬೀಳದೆ ನಿಲ್ಲುತ್ತದೆ. ಅದೇ ಕತ್ತಿಯನ್ನು ತೋಳು ಪೂರ್ತಿ ಚಾಚಿ ಮುಂದಕ್ಕೆ ಹಿಡಿದರೆ ಭುಜದ ಮೇಲೆ ಸುಮಾರು 11 ನ್ಯೂಟನ್-ಮೀಟರ್ ತಿರುಗುಬಲ ಬೀಳುತ್ತದೆ, ತೋಳಿನದೇ ಭಾರ ಬೇರೆ. ಅರ್ಧ ನಿಮಿಷದಲ್ಲಿ ಭುಜ ನಡುಗುವುದು ಕತ್ತಿಯ ತೂಕಕ್ಕಲ್ಲ, ಈ ದೂರಕ್ಕೆ. ಮುಖ್ಯ ನಿಲುವುಗಳಲ್ಲಿ ಹೆಚ್ಚಿನವು ಕೈಯನ್ನು ಮೈಗೆ ಹತ್ತಿರ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ.

ಕತ್ತಿಗೆ ಎರಡು ಬಾಯಿ. ಮುಂದಕ್ಕೆ ಹಿಡಿದಾಗ ಎದುರಾಳಿಯ ಕಡೆ ನೋಡುವುದು ಉದ್ದ ಅಂಚು, ನಮ್ಮ ಕಡೆ ನೋಡುವುದು ಗಿಡ್ಡ ಅಂಚು. ಅಲಗಿನ ಬುಡದ ಅರ್ಧ ಬಲದ ಭಾಗ, ಮೊನೆಯ ಕಡೆಯ ಅರ್ಧ ದುರ್ಬಲ ಭಾಗ. ಇದು ಬರೀ ಹೆಸರಲ್ಲ, ಸನ್ನೆಗೋಲಿನ ಲೆಕ್ಕ. ಎದುರಾಳಿಯ ಕತ್ತಿ ನಮ್ಮ ಬಲಗೈಯಿಂದ 80 ಸೆಂ.ಮೀ. ದೂರದಲ್ಲಿ ಒತ್ತಿದರೆ ಅದನ್ನು ತಡೆಯಲು ಎಡಗೈ ಅವನ ಬಲದ ಐದು ಪಟ್ಟಿಗಿಂತ ಹೆಚ್ಚು ಒತ್ತಬೇಕು. 25 ಸೆಂ.ಮೀ. ದೂರದಲ್ಲಿ ಒತ್ತಿದರೆ ಎರಡು ಪಟ್ಟೂ ಬೇಡ. ನಿಲುವು ಸರಿಯಿದ್ದರೆ ಎದುರಾಳಿಯ ಏಟು ತಾನಾಗಿ ನಮ್ಮ ಬಲದ ಭಾಗಕ್ಕೆ ಬಂದು ಬೀಳುತ್ತದೆ. ತಪ್ಪಿದ್ದರೆ ತೋಳ್ಬಲವೆಷ್ಟಿದ್ದರೂ ಕತ್ತಿ ಬದಿಗೆ ಹಾರುತ್ತದೆ.

ಕಾಲಿನ ವಿಷಯಕ್ಕೆ ಬಂದರೆ, ಎರಡು ಪಾದಗಳು ಎರಡು ಸಮಾನಾಂತರ ಗೆರೆಗಳ ಮೇಲಿರಬೇಕು, ನಡುವೆ ಭುಜದಗಲ ಜಾಗ. ಮುಂಗಾಲಿನ ಬೆರಳು ಎದುರಾಳಿಯತ್ತ, ಹಿಂಗಾಲಿನದು ಓರೆಯಾಗಿ ಹೊರಗೆ, ಮಂಡಿಗಳು ಸ್ವಲ್ಪ ಬಾಗಿ ಬೆರಳುಗಳ ದಿಕ್ಕಿಗೇ ತಿರುಗಿರಬೇಕು. ಎರಡೂ ಪಾದ ಒಂದೇ ಗೆರೆಗೆ ಬಂದರೆ ಪಕ್ಕದಿಂದ ಒಂದು ಸಣ್ಣ ತಳ್ಳು ಸಾಕು, ಆಸಾಮಿ ತೂರಾಡುತ್ತಾನೆ. ಬಲಗೈಯವರು ಬಲದಿಂದ ಹೊಡೆದರೆ ಬಲಗಾಲು ಹಿಂಬಾಲಿಸಬೇಕು ಎಂದು ರಿಂಗೆಕ್ ಒತ್ತಿ ಹೇಳುತ್ತಾನೆ. ಹಾಗೆ ಮಾಡದಿದ್ದರೆ ಸೊಂಟ ಹಿಂದೆಯೇ ಉಳಿದು ಏಟು ಗಿಡ್ಡವಾಗುತ್ತದೆ. ಆದರೆ ಮೊದಲು ಹೊರಡಬೇಕಾದ್ದು ಕೈ, ಆಮೇಲೆ ಕಾಲು. ಕಾಲು ಮುಂಚೆ ಹೋದರೆ ಕತ್ತಿ ಇನ್ನೂ ಭುಜದ ಮೇಲಿರುವಾಗಲೇ ತಲೆ ಎದುರಾಳಿಯ ಅಳತೆಯೊಳಗೆ, ಅಂದರೆ ಅವನ ಕತ್ತಿ ಮುಟ್ಟುವ ದೂರದೊಳಗೆ, ಹೋಗಿಬಿಟ್ಟಿರುತ್ತದೆ. ಆರಂಭಿಕರು ತಿನ್ನುವ ಏಟುಗಳಲ್ಲಿ ಬಹಳಷ್ಟು ಇದರಿಂದಲೇ ಬರುವಂಥವು.

ಟಾಗ್‌ನಿಂದ ಶುರು ಮಾಡುವುದು ಒಳ್ಳೆಯದು. ಎಡಗಾಲು ಮುಂದೆ, ಕತ್ತಿ ಬಲ ಭುಜದ ಪಕ್ಕ, ಅಲಗು ಮೇಲಕ್ಕೆದ್ದು ಸ್ವಲ್ಪ ಹಿಂದಕ್ಕೆ ವಾಲಿರಬೇಕು. ತಲೆಯ ಮೇಲೆ ಎತ್ತಿ ಹಿಡಿಯುವ ರೂಪವೂ ಇದೆ. ಸುತ್ತಿಗೆ ಎತ್ತಿದಂತೆ ಅಲಗನ್ನು ಬೆನ್ನ ಹಿಂದಕ್ಕೆ ಇಳಿಬಿಡುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಬಲ ಹೆಚ್ಚಿದಂತೆ ಅನಿಸುವುದರಿಂದ ಬಿಡಿಸುವುದೂ ಕಷ್ಟ. ಕೈಯಿಂದ ಮೊನೆಗೆ ಸುಮಾರು ಒಂದು ಮೀಟರ್ ಇರುವುದರಿಂದ, ಅಲಗು 120 ಡಿಗ್ರಿ ತಿರುಗಿದರೆ ಮೊನೆ ಎರಡು ಮೀಟರಿಗಿಂತ ಹೆಚ್ಚು ದೂರ ಸಾಗಬೇಕು. ಅದನ್ನು ಇನ್ನೂ 60 ಡಿಗ್ರಿ ಹಿಂದಕ್ಕೆ ಬಿಟ್ಟರೆ ಇನ್ನೊಂದು ಮೀಟರ್ ಸೇರಿತು. ಕಣ್ಣಿಗೆ ಕಂಡದ್ದಕ್ಕೆ ಕೈ ಸ್ಪಂದಿಸಲು ಮನುಷ್ಯನಿಗೆ ಸುಮಾರು 0.2 ಸೆಕೆಂಡ್ ಸಾಕು. ಆ ಒಂದು ಮೀಟರ್ ಸುತ್ತು ಎದುರಾಳಿಗೆ ಕೊಟ್ಟ ಮುನ್ಸೂಚನೆ. ಬಲ ಮೊಣಕೈಯನ್ನು ರೆಕ್ಕೆಯಂತೆ ಹೊರಗೆತ್ತುವುದು ಎರಡನೇ ತಪ್ಪು. ಅದು ಭುಜವನ್ನು ಬಿಗಿಗೊಳಿಸುತ್ತದೆ, ಜತೆಗೆ ಮುಂಗೈಯನ್ನು ಗುರಿಯಾಗಿ ಮುಂದಿಡುತ್ತದೆ.

ಟಾಗ್‌ನಲ್ಲಿ ಮೊನೆ ಎದುರಾಳಿಯನ್ನು ನೋಡುವುದಿಲ್ಲ. ನೇಗಿಲು ಮತ್ತು ಎತ್ತಿನಲ್ಲಿ ಅವನ ಮುಖವನ್ನೇ ನೋಡುತ್ತದೆ. ನೇಗಿಲಿನಲ್ಲಿ ಎಡಗಾಲು ಮುಂದೆ, ಹಿಡಿ ಬಲ ಸೊಂಟದ ಪಕ್ಕ, ಮೊನೆ ಕೆಳಗಿನಿಂದ ಮುಖದತ್ತ. ಕೈ ಹಿಂದಿದ್ದಷ್ಟೂ ಕ್ಷೇಮ: ಹಿಡಿಯನ್ನು ಮಂಡಿಗಿಂತ ಮುಂದಕ್ಕೆ ಚಾಚಿದರೆ ಬೆರಳುಗಳೇ ಎಲ್ಲಕ್ಕಿಂತ ಹತ್ತಿರದ ಗುರಿಯಾಗುತ್ತವೆ. ಮೊನೆ ಎದೆಯ ಮಟ್ಟಕ್ಕೆ ಇಳಿದರೂ ಕೆಲಸ ಕೆಟ್ಟಿತು, ಎದುರಾಳಿ ಅದರ ಮೇಲೆ ಹಾದು ಬರುತ್ತಾನೆ. ಇಲ್ಲಿಂದ ತಿವಿಯಲು ಮೊನೆ ಸುತ್ತಬೇಕಾಗಿಲ್ಲ, ತೋಳು ನೀಳವಾದರೆ ಸಾಕು. ಟಾಗ್‌ನ ಎರಡು ಮೀಟರ್ ಎಲ್ಲಿ, ಇಲ್ಲಿನ ಅರ್ಧ ಮೀಟರ್ ಎಲ್ಲಿ! ಹೊಡೆತದ ಜೋರು ಮಾತ್ರ ಟಾಗ್‌ನದೇ.

ಎತ್ತು ಹೊಸಬರಿಗೆ ಅತ್ಯಂತ ಕಷ್ಟದ ನಿಲುವು. ಎಡಗಾಲು ಮುಂದೆಯೇ, ಆದರೆ ಹಿಡಿ ತಲೆಯ ಬಲಬದಿಗೆ ಏರಬೇಕು, ಮೊನೆ ಮೇಲಿನಿಂದ ಎದುರಾಳಿಯ ಮುಖಕ್ಕೆ ಇಳಿದಿರಬೇಕು, ಕೊಂಬಿನಂತೆ. ಹೆಬ್ಬೆರಳನ್ನು ಅಲಗಿನ ಚಪ್ಪಟೆ ಬದಿಗೆ ಕೆಳಗಿನಿಂದ ಒತ್ತಿ ಹಿಡಿದರೆ ಕತ್ತಿ ಅಲ್ಲಾಡುವುದಿಲ್ಲ. ಬಲಗಡೆಯ ಎತ್ತಿನಲ್ಲಿ ಮಣಿಕಟ್ಟುಗಳು ಒಂದರ ಮೇಲೊಂದು ಅಡ್ಡ ಬರುತ್ತವೆ, ಎಡಗಡೆ ಬರುವುದಿಲ್ಲ. ಅದಕ್ಕೇ ಎಡಗಡೆಯದು ಬೇಗ ಒಲಿಯುತ್ತದೆ, ಬಲಗಡೆಯದಕ್ಕೆ ವಾರಗಟ್ಟಲೆ ಬೇಕು. ಕೈ ಕೆನ್ನೆಯ ಮಟ್ಟಕ್ಕೆ ಇಳಿದರೆ ಹಣೆ ಬಯಲು. ಕೈ ಮುಖಕ್ಕೆ ಅಂಟಿಕೊಂಡರೆ ಏಟು ಬಿದ್ದಾಗ ನಮ್ಮದೇ ಅಡ್ಡಪಟ್ಟಿ ಮಾಸ್ಕಿಗೆ ಬಡಿಯುತ್ತದೆ. ಹಣೆಗಿಂತ ತುಸು ಮೇಲೆ, ಒಂದು ಗೇಣು ಮುಂದೆ ಇಟ್ಟರೆ ಸರಿ.

ಎದುರಾಳಿಯ ಮೈಯನ್ನು ಎಡ-ಬಲ, ಸೊಂಟದ ಮೇಲೆ-ಕೆಳಗೆ ಎಂದು ನಾಲ್ಕು ಪಾಲು ಮಾಡುತ್ತದೆ ಈ ಪರಂಪರೆ. ಎತ್ತು ತನ್ನ ಬದಿಯ ಮೇಲಿನ ಪಾಲನ್ನು ಮುಚ್ಚುತ್ತದೆ, ನೇಗಿಲು ಕೆಳಗಿನದನ್ನು. ಎರಡೂ ಬದಿ ಸೇರಿದರೆ ನಾಲ್ಕು ಪಾಲಿಗೆ ನಾಲ್ಕು ಬಾಗಿಲು. ಒಂದು ಮುಚ್ಚಿದಾಗ ಇನ್ನೊಂದು ತೆರೆದಿರುತ್ತದೆ ಎಂಬುದು ಎದುರಾಳಿಗೂ ಗೊತ್ತು. ಅವನು ಎಲ್ಲಿಗೆ ಬರಬಹುದು ಎಂಬುದನ್ನು ನಿಲುವು ಹಿಡಿದವನೇ ಅರ್ಧ ತೀರ್ಮಾನಿಸಿರುತ್ತಾನೆ.

ಇದರ ಪರಮಾವಧಿಯೇ ಪೆದ್ದ. ಬಲಗಾಲು ಮುಂದೆ, ತೋಳು ಕೆಳಕ್ಕೆ ಚಾಚಿ, ಮೊನೆ ನೆಲದತ್ತ. ತಲೆ, ಎದೆ ಎಲ್ಲ ಬಯಲು. ಪೆದ್ದನೇ ಹೀಗೆ ನಿಲ್ಲುವುದು ಎಂದು ಅನಿಸಬೇಕು, ಅದೇ ಬಲೆ. ಮೇಲಿನಿಂದ ಬಂದ ಏಟನ್ನು ಕತ್ತಿ ಎತ್ತಿ ತಡೆದು, ಅಲ್ಲಿಂದಲೇ ಮೊನೆಯನ್ನು ಮುಖಕ್ಕೆ ಹಾಕಬಹುದು. ಆದರೆ ಇದರ ದೌರ್ಬಲ್ಯವೂ ಇಲ್ಲೇ ಇದೆ, ಅದು ಶುದ್ಧ ರೇಖಾಗಣಿತ. ಭುಜ ನೆಲದಿಂದ 140 ಸೆಂ.ಮೀ. ಎತ್ತರದಲ್ಲಿದೆ, ಭುಜದಿಂದ ಮೊನೆಗೆ 160 ಸೆಂ.ಮೀ. ಎನ್ನೋಣ. 165 ಸೆಂ.ಮೀ. ಎತ್ತರದ ತಲೆಗೆ ಹೊಡೆಯುವಾಗ ಅಡ್ಡಲಾಗಿ ಮುಟ್ಟುವ ದೂರ ಸುಮಾರು 158 ಸೆಂ.ಮೀ. 50 ಸೆಂ.ಮೀ. ಎತ್ತರದ ಮಂಡಿಗೆ ಹೊಡೆಯುವಾಗ ಅದು 132ಕ್ಕೆ ಇಳಿಯುತ್ತದೆ, ಪೈಥಾಗೊರಸ್ ಪ್ರಮೇಯ ಹಾಕಿ ನೋಡಬಹುದು. ಅಂದರೆ ಒಬ್ಬ ಕಾಲಿಗೆ ಹೊಡೆದಾಗ ಇನ್ನೊಬ್ಬ ತಲೆಗೆ ಹೊಡೆದರೆ, ಮೇಲಿನವನಿಗೆ ಒಂದು ಗೇಣಿಗಿಂತ ಹೆಚ್ಚಿನ ಲಾಭ. ಪೆದ್ದನ ಮೊನೆ ಕೆಳಗಿರುವುದರಿಂದಲೇ ಅದನ್ನು ಮುರಿಯಲು ನೇರ ನೆತ್ತಿಗೆ ಬೀಳುವ ಶೈಟೆಲ್‌ಹಾವ್ ಎಂಬ ಏಟು ಹೇಳಿದ್ದಾರೆ.

ಮಿಕ್ಕ ಮೂರಕ್ಕೂ ಒಂದೊಂದು ಮದ್ದುಂಟು: ಎತ್ತಿಗೆ ಕ್ರುಂಪ್‌ಹಾವ್, ಟಾಗ್‌ಗೆ ತ್ಸ್ವೆರ್ಖ್‌ಹಾವ್, ನೇಗಿಲಿಗೆ ಶೀಲ್‌ಹಾವ್. ಕ್ರುಂಪ್ ಬದಿಗೆ ಹೆಜ್ಜೆಯಿಟ್ಟು ಕೈ ಅಡ್ಡಹಾಕಿ ಎದುರಾಳಿಯ ಕೈ ಮೇಲೆ ಬೀಳುತ್ತದೆ. ತ್ಸ್ವೆರ್ಖ್ ಹಿಡಿಯನ್ನು ತಲೆಯ ಮೇಲಿಟ್ಟು ಅಡ್ಡಡ್ಡ ಬೀಸುವುದು, ಮೇಲಿನಿಂದ ಬರುವ ಏಟು ಅದಕ್ಕೇ ಸಿಕ್ಕಿಕೊಳ್ಳುತ್ತದೆ. ಶೀಲ್ ಗಿಡ್ಡ ಅಂಚಿನಿಂದ ಮೊನೆಯನ್ನು ಸರಿಸುತ್ತಲೇ ಭುಜಕ್ಕೆ ಬೀಳುತ್ತದೆ. ಇವನ್ನು ಮೊದಲ ತಿಂಗಳಲ್ಲೇ ಕಲಿಯುವ ಆತುರ ಬೇಡ, ಆದರೆ ಯಾವ ನಿಲುವಿಗೆ ಯಾವುದು ಎಂದು ಬಾಯಿಪಾಠ ಇರಲಿ. ನಿಲುವಿನ ಅರ್ಥ ತಿಳಿಯುವುದು ಅದನ್ನು ಮುರಿಯುವ ಏಟಿನಿಂದಲೇ.

ಅಭ್ಯಾಸಕ್ಕೆ ಒಂದು ಸುತ್ತು ಸಾಕು. ಬಲ ಭುಜದ ಟಾಗ್‌ನಿಂದ ಕೈ ಮೊದಲು ಹೊರಡಿಸಿ, ಬಲಗಾಲು ಮುಂದಿಟ್ಟು ಓರೆಯಾಗಿ ಕಡಿದು, ಎಡ ಸೊಂಟದ ನೇಗಿಲಿನಲ್ಲಿ ನಿಲ್ಲಿ. ಮೊನೆ ಕದಲದಂತೆ ಹಿಡಿಯನ್ನಷ್ಟೇ ಎತ್ತಿದರೆ ಎಡ ಎತ್ತು. ಎಡಗಾಲು ಮುಂದಿಟ್ಟು ಬಲಗಡೆಗೆ ದಾಟಿಸಿದರೆ ಬಲ ಎತ್ತು; ಇಳಿಸಿದರೆ ಬಲ ನೇಗಿಲು; ಅಲ್ಲಿಂದ ಮತ್ತೆ ಭುಜಕ್ಕೆ. ಮುಂದಿನ ಸುತ್ತಿನಲ್ಲಿ ಏಟನ್ನು ನಡುವೆ ನಿಲ್ಲಿಸದೆ ಪೂರ್ತಿ ಇಳಿಯಬಿಟ್ಟರೆ ಪೆದ್ದ ತಾನಾಗಿ ಸಿಗುತ್ತದೆ. ನೇಗಿಲಿನಿಂದ ಎತ್ತಿಗೆ ಹೋಗುವಾಗ ಮೊನೆ ಅಲೆಯುತ್ತದೆಯೇ ಎಂದು ನೋಡಲು ಗೋಡೆಯ ಮೇಲೆ ಮುಖದ ಎತ್ತರಕ್ಕೆ ನಾಣ್ಯದಷ್ಟು ಗುರುತು ಹಾಕಿ, ಒಂದು ಮೀಟರ್ ದೂರದಿಂದ ಮೊನೆಯನ್ನು ಅದರತ್ತಲೇ ಇಟ್ಟು ಹಿಡಿಯನ್ನು ಏರಿಸಿ ಇಳಿಸಿ. ಮೊನೆ ಗುರುತು ಬಿಟ್ಟು ಮೇಲಕ್ಕೆ ಹಾರಿದರೆ ಬಲ ಮಣಿಕಟ್ಟು ಬಿಗಿಯಾಗಿದೆ, ಎಡಗೈ ಸುಮ್ಮನಿದೆ ಎಂದರ್ಥ. ಎಡಗೈಯಿಂದ ಗುಂಡನ್ನು ನಡೆಸಿ, ಬಲಗೈ ಸಡಿಲವಾಗಿರಲಿ.

ಇಷ್ಟು ಒಬ್ಬರೇ ಮಾಡಲು ಮರದ ಅಥವಾ ನೈಲಾನ್ ಕತ್ತಿ ನಡೆಯುತ್ತದೆ. ಎದುರಿಗೆ ಜನ ಬಂದಮೇಲೆ ಫೆಡರ್ ಎಂಬ ಬಾಗುವ ಮೊನೆಯ ಮೊಂಡು ಅಭ್ಯಾಸದ ಕತ್ತಿ ಬೇಕು, ಮಾಸ್ಕ್ ಬೇಕು, ಕುತ್ತಿಗೆಗೆ ಗಟ್ಟಿ ಪಟ್ಟಿ ಬೇಕು, ಯಾಕೆಂದರೆ ಎತ್ತು ಮತ್ತು ನೇಗಿಲಿನ ತಿವಿತ ಜಾರಿದರೆ ಹೋಗುವುದು ಗಂಟಲಿಗೇ. ಕ್ರೀಡಾ ಫೆನ್ಸಿಂಗ್‌ನ ಮಾಸ್ಕ್ ತಲೆಯ ಹಿಂಭಾಗವನ್ನು ಮುಚ್ಚುವುದಿಲ್ಲ, ಅದಕ್ಕೆ ಬೇರೆ ಹೊದಿಕೆ ಸಿಗುತ್ತದೆ. ತೆಳ್ಳನೆಯ ಚರ್ಮದ ಕೈಗವಸು ಉಕ್ಕಿನ ಕತ್ತಿಗೆ ಏನೇನೂ ಸಾಲದು, ಬೆರಳಿನ ಮೂಳೆ ಮುರಿಯುತ್ತದೆ.

ಜೊತೆಗಾರ ಸಿಕ್ಕರೆ ಅರ್ಧ ವೇಗದಲ್ಲಿ ಹೀಗೆ ಮಾಡಿ: ಒಬ್ಬರು ನಾಲ್ಕರಲ್ಲಿ ಯಾವುದಾದರೂ ನಿಲುವು ಹಿಡಿದು ಎರಡು ಉಸಿರಿಗಿಂತ ಹೆಚ್ಚು ನಿಲ್ಲದೆ ಬದಲಿಸುತ್ತಿರಬೇಕು, ಇನ್ನೊಬ್ಬರು ತೆರೆದಿರುವ ಪಾಲಿಗೆ ಹೊಡೆಯಬೇಕು. ಬದಲಿಸುವ ಕ್ಷಣದಲ್ಲೇ ಏಟು ಬೀಳುತ್ತಿದ್ದರೆ ತಪ್ಪು ನಿಲುವಿನದಲ್ಲ, ಅಳತೆಯದು. ಎದುರಾಳಿ ಒಂದು ಹೆಜ್ಜೆಯಿಲ್ಲದೆ ಮುಟ್ಟುವ ದೂರದಲ್ಲಿ ನಿಂತು ನಿಲುವು ಬದಲಿಸುತ್ತಿದ್ದೀರಿ. ಒಂದು ಹೆಜ್ಜೆ ಹಿಂದೆ ಸರಿದು ಮತ್ತೆ ಶುರು ಮಾಡಿ. 1570ರಲ್ಲಿ ಯೋವಾಖಿಮ್ ಮೇಯರ್ ಪುಸ್ತಕ ಅಚ್ಚು ಹಾಕಿಸುವ ಹೊತ್ತಿಗೆ ಈ ನಾಲ್ಕರ ಜತೆಗೆ ಉಪನಿಲುವುಗಳ ದೊಡ್ಡ ಪಟ್ಟಿಯೇ ಸೇರಿತ್ತು. ಕೀಲಿಕೈ, ಏಕಶೃಂಗಿ, ಕಬ್ಬಿಣದ ಬಾಗಿಲು ಎಂದೆಲ್ಲ ಹೆಸರು. ಅವುಗಳಲ್ಲಿ ಬಹುಪಾಲು ಈ ನಾಲ್ಕರ ನಡುವೆ ಕತ್ತಿ ಹಾದುಹೋಗುವ ದಾರಿಯಲ್ಲೇ ಸಿಗುವಂಥವು, ಮೇಲಿನ ಸುತ್ತನ್ನು ನಿಧಾನವಾಗಿ ಮಾಡುವಾಗ ಕೆಲವನ್ನು ನೀವೇ ದಾಟಿರುತ್ತೀರಿ.